ಅಮೆರಿಕದಲ್ಲಿ ಹನ್ನೆರಡನೇ ಗ್ರೇಡ್: ಗ್ರ್ಯಾಜುಯೇಶನ್ನಿಗೂ ಕಾಲೇಜು ಅರ್ಜಿಗೂ ತಯಾರಿ

ಮಗನೋ ಮಗಳೋ ಸೀನಿಯರ್ ಆದ ಕೂಡಲೇ, ಅಂದರೆ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದ ಕೂಡಲೇ, ಮನೆಯ ಮಾತೆಲ್ಲ ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ ಮತ್ತು ಅರ್ಜಿಯ ಪ್ರಬಂಧದ ಸುತ್ತ ತಿರುಗತೊಡಗುತ್ತದೆ. ಆದರೆ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಬೇರೆ ಕಡೆ. ಶಿಫಾರಸು ಪತ್ರ ಬರೆಯಬೇಕಾದ ಟೀಚರ್ ಆಗಲೇ ಮೂವತ್ತು ಜನರಿಗೆ ಒಪ್ಪಿಕೊಂಡಿರುತ್ತಾರೆ, ಫ್ಯಾಫ್ಸಾ ಎಂಬ ಕೇಂದ್ರ ಸರ್ಕಾರದ ಆರ್ಥಿಕ ನೆರವಿನ ಅರ್ಜಿಗೆ ಅಪ್ಪನ ಅಕೌಂಟ್ ಇನ್ನೂ ತೆರೆದಿರುವುದಿಲ್ಲ, ಪರೀಕ್ಷೆಯಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು. ಇವೆಲ್ಲ ಬೇರೆಯವರ ಕೈ ದಾಟಿ ಬರಬೇಕಾದ ಕೆಲಸಗಳು. ಅದಕ್ಕೇ ಈ ಲೇಖನದ ಕ್ರಮವೂ ಹೆಚ್ಚುಕಡಿಮೆ ಹಾಗಿದೆ: ಬೇರೆಯವರು ಮಾಡಿಕೊಡಬೇಕಾದ್ದು ಮೊದಲು, ಮಕ್ಕಳು ತಾವೇ ಕೂತು ಮುಗಿಸಬಹುದಾದ್ದು ಆಮೇಲೆ.

ಆಗಸ್ಟ್: ಹೆಸರು ಒಂದೇ ಇರಲಿ

ನಮ್ಮವರ ಮನೆಗಳಲ್ಲಿ ಇದು ನಿಜವಾದ ತಲೆನೋವು. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಬಂದು ಕೂರುತ್ತದೆ. ಶಾಲೆಗೆ ಸೇರಿಸುವಾಗ ಅಪ್ಪನ ಹೆಸರನ್ನು ಕೊನೆಗೆ ಹಾಕಿರುತ್ತೇವೆ. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನಲ್ಲಿ ಅಕೌಂಟ್ ತೆರೆದದ್ದು ಮಗು ತಾನೇ, ಕರೆಯುವ ಹೆಸರಿನಲ್ಲಿ. ಕಾಲೇಜಿನವರು ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಗ್ರೇಡುಗಳ ಪಟ್ಟಿ), ಪರೀಕ್ಷೆಯ ಅಂಕ, ಅರ್ಜಿ ಮೂರನ್ನೂ ಜೋಡಿಸುವುದು ಮುಖ್ಯವಾಗಿ ಹೆಸರು ಮತ್ತು ಹುಟ್ಟಿದ ದಿನಾಂಕದ ಮೇಲೆ. ಹೆಸರು ತಾಳೆಯಾಗದಿದ್ದರೆ ಅಂಕ ಬಂದು ತಲುಪಿದ್ದರೂ ‘ಬಂದಿಲ್ಲ’ ಎಂದೇ ತೋರಿಸುತ್ತದೆ. ಫ್ಯಾಫ್ಸಾದಲ್ಲಂತೂ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ನಂಬರ್ ಮೂರನ್ನೂ ಸರ್ಕಾರಿ ದಾಖಲೆಯ ಜೊತೆ ಹೋಲಿಸುತ್ತಾರೆ.

ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್, ಸೋಶಿಯಲ್ ಸೆಕ್ಯುರಿಟಿ ಕಾರ್ಡ್, ಶಾಲೆಯ ಟ್ರಾನ್ಸ್‌ಕ್ರಿಪ್ಟ್, ಕಾಲೇಜ್ ಬೋರ್ಡ್ ಅಕೌಂಟ್, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಕಾನೂನುಬದ್ಧ ಹೆಸರಿಗೇ ಉಳಿದವನ್ನು ಸರಿಮಾಡಿಸಿ. ಶಾಲೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದಕ್ಕೆ ವಾರಗಟ್ಟಲೆ ಹಿಡಿಯಬಹುದು. ಕರೆಯುವ ಹೆಸರಿಗೆ ಕಾಮನ್ ಆ್ಯಪ್‌ನಲ್ಲಿ (ಅನೇಕ ಕಾಲೇಜುಗಳಿಗೆ ಒಟ್ಟಾಗಿ ಬಳಸುವ ಆನ್‌ಲೈನ್ ಅರ್ಜಿ) ಬೇರೆ ಜಾಗವೇ ಇದೆ, ಅಲ್ಲಿ ಬರೆದರೆ ಸಾಕು.

ಇಮೇಲ್ ವಿಷಯವೂ ಇಲ್ಲಿಯೇ ಹೇಳಬೇಕು. ಅರ್ಜಿಗೆ ಶಾಲೆಯ ಇಮೇಲ್ ಕೊಡಬೇಡಿ. ಗ್ರ್ಯಾಜುಯೇಶನ್ ಆದ ಮೇಲೆ ಶಾಲೆ ಅದನ್ನು ಮುಚ್ಚುತ್ತದೆ, ಹಾಸ್ಟೆಲ್ ಮತ್ತು ಫೀಸಿನ ಪತ್ರಗಳು ಬರುವುದು ಆಗಲೇ.

ಕ್ರೆಡಿಟ್ ಲೆಕ್ಕ: ಶಾಲೆ ಮುಗಿಸುವುದೇ ಬೇರೆ, ಕಾಲೇಜಿಗೆ ಅರ್ಹತೆಯೇ ಬೇರೆ

ಶಾಲೆ ತೆರೆದ ಮೊದಲೆರಡು ವಾರದಲ್ಲಿ ಶಾಲೆಯ ಕೌನ್ಸೆಲರ್ ಹತ್ತಿರ ಕ್ರೆಡಿಟ್ (ಮುಗಿಸಿದ ವಿಷಯಗಳ ಲೆಕ್ಕ) ಪರಿಶೀಲನೆ ಮಾಡಿಸಿ. ವಿಷಯ ಬದಲಾಯಿಸಲು ಇರುವ ಅವಧಿ ಆಮೇಲೆ ಮುಗಿದುಹೋಗುತ್ತದೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದರ ಮೇಲೆ ಶಾಲಾ ಜಿಲ್ಲೆಯದೂ ಸೇರುತ್ತದೆ. ಮೇರಿಲ್ಯಾಂಡ್‌ನಲ್ಲಿ 75 ಗಂಟೆ ಸೇವೆ ಮಾಡಿರಬೇಕು. ಟೆಕ್ಸಸ್‌ನಲ್ಲಿ ಮೂಲ ಯೋಜನೆಗೆ 22 ಕ್ರೆಡಿಟ್, ಎಂಡೋರ್ಸ್‌ಮೆಂಟ್ (ಆಯ್ದುಕೊಂಡ ಒಂದು ಕ್ಷೇತ್ರದ ಹೆಚ್ಚಿನ ಓದು) ಜೊತೆ 26. ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ತಾನಾಗಿ ಸಿಗುವ ಪ್ರವೇಶ ಬೇಕೆಂದರೆ ರ್‍ಯಾಂಕ್ ಒಂದೇ ಸಾಲದು, ‘ಡಿಸ್ಟಿಂಗ್ವಿಶ್ಡ್’ ಹಂತ ಮುಟ್ಟಿರಬೇಕು. ಅದಕ್ಕೆ ಆಲ್ಜಿಬ್ರಾ 2 ಕಡ್ಡಾಯ.

ಕ್ಯಾಲಿಫೋರ್ನಿಯಾದಲ್ಲಿ ಬಹಳ ಜನ ಎಡವುವುದು ಇಲ್ಲೇ. ರಾಜ್ಯದ ಕನಿಷ್ಠ ನಿಯಮದ ಪ್ರಕಾರ ಶಾಲೆ ಮುಗಿಸಲು ಎರಡು ವರ್ಷ ಗಣಿತ ಸಾಕು, ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಕ್ಯಾಲ್ ಸ್ಟೇಟ್ ಎಂಬ ಎರಡು ಸರ್ಕಾರಿ ವಿಶ್ವವಿದ್ಯಾಲಯ ಸಮೂಹಗಳಿಗೆ ಮೂರು ಬೇಕು. ‘ಎ-ಜಿ’ ಎಂದು ಕರೆಯುವ ಪಟ್ಟಿಯಲ್ಲಿ ಒಟ್ಟು 15 ವರ್ಷಾವಧಿ ವಿಷಯಗಳಿವೆ, ಪ್ರತಿಯೊಂದರಲ್ಲೂ ಸಿ ಅಥವಾ ಮೇಲಿನ ಗ್ರೇಡ್ ಇರಬೇಕು. ಯುಸಿಗೆ ಅವುಗಳಲ್ಲಿ 11 ಹನ್ನೆರಡನೇ ಗ್ರೇಡಿಗೆ ಮೊದಲೇ ಮುಗಿದಿರಬೇಕು. ಗಣಿತ, ವಿಜ್ಞಾನ ತುಂಬಿಸಿಕೊಳ್ಳುವ ಭರದಲ್ಲಿ ಒಂದು ವರ್ಷದ ಕಲಾ ವಿಷಯ ಬಿಟ್ಟುಹೋಗುವುದು ನಮ್ಮ ಮಕ್ಕಳಲ್ಲಿ ಮಾಮೂಲು. ಮನೆಯಲ್ಲಿ ಕಲಿತ ವೀಣೆ, ಭರತನಾಟ್ಯ ಈ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಅನುಮೋದಿತ ವಿಷಯವೇ ಆಗಿರಬೇಕು.

ಹತ್ತನೇ ತರಗತಿ ಊರಲ್ಲಿ ಮುಗಿಸಿ ಬಂದ ಮಕ್ಕಳಿಗೆ ಅಮೆರಿಕದ ಇತಿಹಾಸ, ಸರ್ಕಾರ, ವ್ಯಾಯಾಮ ಶಿಕ್ಷಣ ಇಂಥ ಕಡೆ ಕ್ರೆಡಿಟ್ ಕಡಿಮೆ ಬೀಳುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಒಂಬತ್ತನೇ ತರಗತಿಯ ವಾರ್ಷಿಕ ಅಂಕಪಟ್ಟಿ ಎರಡೂ ಕೈಯಲ್ಲಿರಲಿ. ಒಂಬತ್ತನೆಯದು ಯಾಕೆ ಎಂದರೆ ಅಮೆರಿಕದಲ್ಲಿ ಹೈಸ್ಕೂಲು ಶುರುವಾಗುವುದೇ ಅಲ್ಲಿಂದ. ಹಳೆಯ ಶಾಲೆಯಿಂದ ಅದನ್ನು ತರಿಸಲು ಊರಲ್ಲಿ ಯಾರಾದರೂ ಓಡಾಡಬೇಕಾಗುತ್ತದೆ, ಬೇಗ ಹೇಳಿಬಿಡಿ.

ಕನ್ನಡ ಓದಿ ಬರೆಯಬಲ್ಲ ಮಕ್ಕಳಿಗೆ ಒಂದು ಅವಕಾಶವಿದೆ. ಎರಡು ಭಾಷೆ ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಕೊಡುವ ‘ಸೀಲ್ ಆಫ್ ಬೈಲಿಟರಸಿ’ ಎಂಬ ಮುದ್ರೆಯನ್ನು 2011ರಲ್ಲಿ ಕ್ಯಾಲಿಫೋರ್ನಿಯಾ ಶುರುಮಾಡಿತು, ಈಗ ದೇಶದ ಉದ್ದಗಲಕ್ಕೂ ಹಬ್ಬಿದೆ. ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ನಿಮ್ಮ ಶಾಲೆ ಅದನ್ನು ಒಪ್ಪುತ್ತದೆಯೇ ಎಂದು ಶರತ್ಕಾಲದಲ್ಲೇ ಕೇಳಿ.

ಶಿಫಾರಸು ಪತ್ರ

ಹನ್ನೊಂದನೇ ಗ್ರೇಡಿನ ಕೊನೆಯಲ್ಲೇ ಕೇಳಿಟ್ಟಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೆಪ್ಟೆಂಬರ್ ಮೊದಲ ವಾರ, ಎದುರಿಗೆ ಹೋಗಿ, ಮಗುವೇ ಕೇಳಬೇಕು. ಅಪ್ಪ ಅಮ್ಮ ಕೇಳಿದರೆ ಆ ಪತ್ರಕ್ಕೆ ತೂಕವಿರುವುದಿಲ್ಲ. ಬಹಳಷ್ಟು ಖಾಸಗಿ ಕಾಲೇಜುಗಳಿಗೆ ಇಬ್ಬರು ಟೀಚರ್ ಮತ್ತು ಕೌನ್ಸೆಲರ್ ಪತ್ರ ಬೇಕು. ಹನ್ನೊಂದರಲ್ಲಿ ಮುಖ್ಯ ವಿಷಯ ಕಲಿಸಿದವರು ಸೂಕ್ತ. ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಇಂಗ್ಲಿಷ್ ಅಥವಾ ಇತಿಹಾಸದವರು ಆದರೆ ಹೊಂದುತ್ತದೆ. ಎ ಗ್ರೇಡ್ ಕೊಟ್ಟವರಿಗಿಂತ, ಮಗು ತಿಣುಕಾಡಿ ಮೇಲೆ ಬಂದದ್ದನ್ನು ಕಣ್ಣಾರೆ ಕಂಡವರು ಚೆನ್ನಾಗಿ ಬರೆಯುತ್ತಾರೆ. ಜೊತೆಗೆ ಒಂದು ಪುಟದ ಟಿಪ್ಪಣಿ ಕೊಡಲಿ: ಆ ತರಗತಿಯಲ್ಲಿ ಮಾಡಿದ ಪ್ರಾಜೆಕ್ಟ್, ಕೇಳಿದ ಪ್ರಶ್ನೆ, ಅರ್ಜಿಯ ಗಡುವುಗಳು. ಕ್ಲಬ್ಬುಗಳ ಪಟ್ಟಿ ಬೇಡ, ಅದು ಅರ್ಜಿಯಲ್ಲಿ ಹೇಗೂ ಇರುತ್ತದೆ.

ಕಾಮನ್ ಆ್ಯಪ್‌ನಲ್ಲಿ ಟೀಚರನ್ನು ಸೇರಿಸುವ ಮೊದಲು ‘ಫರ್ಪಾ’ (ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆಯ ಕಾನೂನು) ಭಾಗ ತುಂಬಬೇಕು. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಗುರುತು ಹಾಕುವುದೇ ರೂಢಿ. ಹಕ್ಕು ಉಳಿಸಿಕೊಂಡರೆ ಕೆಲವು ಟೀಚರುಗಳು ಬರೆಯಲು ಹಿಂಜರಿಯುತ್ತಾರೆ.

ಕಾಲೇಜುಗಳ ಪಟ್ಟಿ

ಎಂಟರಿಂದ ಹನ್ನೆರಡು ಸಾಕು. ಕಾಮನ್ ಆ್ಯಪ್ 20ರವರೆಗೆ ಬಿಡುತ್ತದೆ, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಸಣ್ಣ ಪ್ರಬಂಧ ಬರೆಯುವಾಗ ಹದಿನೈದನೆಯದರ ಹೊತ್ತಿಗೆ ಬರವಣಿಗೆ ಸಪ್ಪೆಯಾಗಿರುತ್ತದೆ. ಪಟ್ಟಿ ಕಟ್ಟುವುದನ್ನು ಕೆಳಗಿನಿಂದ ಶುರುಮಾಡಿ: ಖಂಡಿತ ಸೀಟು ಸಿಗುವ, ದುಡ್ಡು ಹೊಂದುವ, ಮಗು ಸಂತೋಷದಿಂದ ಹೋಗುವ ಎರಡು ಕಾಲೇಜು ಮೊದಲು. ಅವು ಸಿಕ್ಕಿದ ಮೇಲೆ ಕನಸಿನ ಕಾಲೇಜುಗಳನ್ನು ಎಷ್ಟು ಬೇಕಾದರೂ ಮಾತಾಡಬಹುದು.

ರ್‍ಯಾಂಕಿಂಗ್ ಪಟ್ಟಿಗಿಂತ ಉಪಯುಕ್ತವಾದ ದಾಖಲೆಯೊಂದಿದೆ. ‘ಕಾಮನ್ ಡೇಟಾ ಸೆಟ್’ ಎಂಬುದನ್ನು ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ತಮ್ಮ ಜಾಲತಾಣದಲ್ಲೇ ಹಾಕುತ್ತವೆ. ಅದರ ಸಿ7 ಭಾಗದಲ್ಲಿ ಪ್ರವೇಶಕ್ಕೆ ಯಾವುದಕ್ಕೆ ಎಷ್ಟು ಬೆಲೆ ಎಂಬ ಕೋಷ್ಟಕವಿರುತ್ತದೆ: ಗ್ರೇಡ್, ಪ್ರಬಂಧ, ಶಿಫಾರಸು, ಆಸಕ್ತಿ ತೋರಿಸಿದ್ದು ಹೀಗೆ. ಆಸಕ್ತಿಗೆ ಬೆಲೆ ಕೊಡುವ ಕಾಲೇಜಾದರೆ ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ನೋಂದಾಯಿಸಿ ಹಾಜರಾಗುವುದು ಲೆಕ್ಕಕ್ಕೆ ಬರುತ್ತದೆ. ಎಚ್ ಭಾಗದಲ್ಲಿ ಆರ್ಥಿಕ ನೆರವಿನ ಅಂಕಿಗಳಿರುತ್ತವೆ.

ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಕಾಲೇಜಿನ ಒಟ್ಟು ಪ್ರವೇಶ ಪ್ರಮಾಣ ನೋಡಿ ಮೋಸಹೋಗಬೇಡಿ. ಇಲಿನಾಯ್ ಅರ್ಬಾನಾ-ಶಾಂಪೇನ್, ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ಕಡೆ ಆ ವಿಭಾಗದ ಪ್ರವೇಶ ಬಹಳ ಬಿಗಿ. ಬೇರೆ ವಿಭಾಗದಲ್ಲಿ ಸೇರಿ ಆಮೇಲೆ ಹಾರಿಕೊಳ್ಳೋಣ ಎಂಬ ಲೆಕ್ಕಾಚಾರ ಅಲ್ಲಿ ನಡೆಯುವುದು ಕಷ್ಟ.

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನ ದಾರಿಯನ್ನು (ಮೊದಲೆರಡು ವರ್ಷ ಅಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗುವುದು) ಕೀಳಾಗಿ ನೋಡಬೇಡಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್ಸುಗಳು ‘ಟ್ಯಾಗ್’ ಎಂಬ ಖಾತರಿ ವರ್ಗಾವಣೆ ಕೊಡುತ್ತವೆ. ಎಲ್ಲ ವಿಭಾಗಗಳಿಗೂ ಇಲ್ಲ, ಅದನ್ನು ನೋಡಿಕೊಳ್ಳಬೇಕು.

ಗಡುವುಗಳು

‘ಅರ್ಲಿ ಡಿಸಿಷನ್’ ಎಂದರೆ ಸಿಕ್ಕಿದರೆ ಬರುತ್ತೇನೆ ಎಂಬ ಒಪ್ಪಂದ. ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಗಡುವು ಸಾಮಾನ್ಯವಾಗಿ ನವೆಂಬರ್ 1 ಅಥವಾ 15, ಉತ್ತರ ಡಿಸೆಂಬರ್ ಮಧ್ಯದಲ್ಲಿ. ಬೇರೆ ಕಾಲೇಜಿನ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡಬೇಕು ಎನ್ನುವ ಕುಟುಂಬಕ್ಕೆ ಇದು ಸಲ್ಲದು. ‘ಅರ್ಲಿ ಆ್ಯಕ್ಷನ್’ನಲ್ಲಿ ಆ ಕಟ್ಟು ಇಲ್ಲ, ಉತ್ತರ ಮಾತ್ರ ಬೇಗ ಬರುತ್ತದೆ. ಮಿಷಿಗನ್, ಪರ್ಡ್ಯೂನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಬಿಡಬಾರದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ನಡುವಿನ ದಾರಿ: ಸಿಕ್ಕಿದರೆ ಹೋಗಲೇಬೇಕೆಂದಿಲ್ಲ, ಆದರೆ ಅದೇ ಹೊತ್ತಿನಲ್ಲಿ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕುವಂತಿಲ್ಲ; ಒಂದೆರಡು ವಿನಾಯಿತಿಗಳನ್ನು ಅವರವರ ಪುಟದಲ್ಲೇ ಓದಿ. ರೆಗ್ಯುಲರ್ ಗಡುವು ಹೆಚ್ಚಾಗಿ ಜನವರಿ ಮೊದಲ ಎರಡು ವಾರಗಳಲ್ಲಿ.

ಯುಸಿಯದು ಬೇರೆಯೇ ಅರ್ಜಿ. ಅಕ್ಟೋಬರ್ 1ರಿಂದ ಸಲ್ಲಿಸಬಹುದು, ನವೆಂಬರ್ ಕೊನೆಗೆ ಮುಗಿಯುತ್ತದೆ. ಟ್ರಾನ್ಸ್‌ಕ್ರಿಪ್ಟ್ ಆಗ ಕಳಿಸುವುದಿಲ್ಲ, ಗ್ರೇಡುಗಳನ್ನು ಮಗುವೇ ಟೈಪ್ ಮಾಡಬೇಕು. ನೆನಪಿನಿಂದ ಟೈಪ್ ಮಾಡುವುದೇ ದೊಡ್ಡ ತಪ್ಪು. ಕೊನೆಗೆ ಅಸಲಿ ಟ್ರಾನ್ಸ್‌ಕ್ರಿಪ್ಟ್ ಜೊತೆ ಹೋಲಿಸಿ ವ್ಯತ್ಯಾಸ ಕಂಡರೆ ಸಿಕ್ಕ ಸೀಟೂ ಹೋಗಬಹುದು.

ಪರೀಕ್ಷೆ

ಯುಸಿ ಮತ್ತು ಕ್ಯಾಲ್ ಸ್ಟೇಟ್ ಪ್ರವೇಶಕ್ಕೆ ಎಸ್‌ಎಟಿ ಅಥವಾ ಅಂಥದೇ ಪರೀಕ್ಷೆಯಾದ ಎಸಿಟಿಯ ಅಂಕ ನೋಡುವುದೇ ಇಲ್ಲ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಅದೇ ನಿರ್ಧಾರ ಪ್ರಕಟಿಸಿದವು. ಉಳಿದ ಎಷ್ಟೋ ಕಡೆ ಐಚ್ಛಿಕ. ಅಲ್ಲಿ ಪ್ರವೇಶ ಸಿಕ್ಕವರ ಮಧ್ಯಮ ಶೇಕಡಾ 50ರ ವ್ಯಾಪ್ತಿಯನ್ನು ಕಾಮನ್ ಡೇಟಾ ಸೆಟ್‌ನಲ್ಲಿ ನೋಡಿ, ನಿಮ್ಮ ಅಂಕ ಅದರ ಮಧ್ಯಕ್ಕಿಂತ ಮೇಲಿದ್ದರೆ ಕಳಿಸಿ.

ನವೆಂಬರ್ 1ರ ಗಡುವಿಗೆ ಆಗಸ್ಟ್ ಎಸ್‌ಎಟಿ ನೆಮ್ಮದಿಯದು, ಅಕ್ಟೋಬರ್ ಕೊನೆಯ ಅವಕಾಶ. ಪರೀಕ್ಷಾ ಕೇಂದ್ರಗಳು ಬೇಗ ತುಂಬುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಮಕ್ಕಳು ದೂರದ ಊರಿಗೆ ಹೋಗಿ ಬರೆಯುವುದು ಇದರಿಂದಲೇ. 2024ರ ಮಾರ್ಚ್‌ನಿಂದ ಪರೀಕ್ಷೆ ಪೂರ್ತಿ ಡಿಜಿಟಲ್, 2 ಗಂಟೆ 14 ನಿಮಿಷ. ಬ್ಲೂಬುಕ್ ಆ್ಯಪ್‌ನಲ್ಲಿ ಪರೀಕ್ಷೆಯ ಸಿದ್ಧತಾ ಹಂತವನ್ನು ಒಂದೆರಡು ದಿನ ಮೊದಲೇ ಮುಗಿಸಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ ಕಳಿಸಿ.

ಚಟುವಟಿಕೆ ಮತ್ತು ಪ್ರಬಂಧ

ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ, ವಿವರಣೆಗೆ 150 ಅಕ್ಷರ ಮಾತ್ರ, ಖಾಲಿ ಜಾಗವೂ ಸೇರಿ. ‘ಕನ್ನಡ ಶಾಲೆಯಲ್ಲಿ ಸ್ವಯಂಸೇವೆ ಮಾಡಿ ಬಹಳ ಕಲಿತೆ’ ಎಂದರೆ ಓದುವವರಿಗೆ ಏನೂ ತಿಳಿಯದು. ‘ವಾರಕ್ಕೆ 2 ಗಂಟೆ 12 ಮಕ್ಕಳಿಗೆ ಕನ್ನಡ ಅಕ್ಷರ ಕಲಿಕೆ; ವರ್ಕ್‌ಶೀಟ್ ಬರೆದೆ; ಹೊಸ ಸಹಾಯಕರಿಗೆ ತರಬೇತಿ’ ಎಂದರೆ ಚಿತ್ರ ಕಾಣುತ್ತದೆ. ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವುದು, ತಮ್ಮನನ್ನು ಶಾಲೆಯಿಂದ ಕರೆತರುವುದು ಕೂಡ ಚಟುವಟಿಕೆಯೇ. ನಮ್ಮ ಮಕ್ಕಳು ಇದನ್ನು ಬರೆಯಲು ಮರೆಯುತ್ತಾರೆ.

ಮುಖ್ಯ ಪ್ರಬಂಧ 250ರಿಂದ 650 ಪದ. ಯುಸಿಗೆ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ, ತಲಾ 350 ಪದದ ಮಿತಿಯಲ್ಲಿ ಉತ್ತರ. ಎರಡರ ಧಾಟಿಯೂ ಬೇರೆ. ಕಾಮನ್ ಆ್ಯಪ್‌ದು ಪ್ರಬಂಧ, ಯುಸಿಯವರಿಗೆ ನೇರ ಉತ್ತರ ಬೇಕು. ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿದರೆ ಎರಡೂ ಕೆಡುತ್ತವೆ. ರಂಗಪ್ರವೇಶ, ಎರಡು ಸಂಸ್ಕೃತಿಗಳ ನಡುವೆ ಬೆಳೆದದ್ದು, ಊರಿಗೆ ಹೋದಾಗ ಕಂಡ ಬಡತನ, ಈ ಮೂರು ವಿಷಯ ಅರ್ಜಿ ಓದುವವರ ಮೇಜಿಗೆ ರಾಶಿ ಬೀಳುತ್ತವೆ. ಬರೆಯಲೇಬಾರದೆಂದಲ್ಲ. ಆದರೆ ಹೆಸರು ಅಳಿಸಿ ಇನ್ನೊಬ್ಬ ಭಾರತೀಯ ಹುಡುಗನ ಹೆಸರು ಹಾಕಿದರೂ ನಡೆಯುವಂತಿದ್ದರೆ ಅದು ಇನ್ನೂ ಪ್ರಬಂಧವಾಗಿಲ್ಲ. ಊರಿನ ಬಡತನ ಕಂಡು ಕಣ್ಣು ತೆರೆಯಿತು ಎಂಬುದನ್ನಂತೂ ನಾವು ಬೇಡ ಎಂದೇ ಹೇಳುತ್ತೇವೆ.

ಅಪ್ಪ ಅಮ್ಮ ಓದಿ ‘ಇಲ್ಲಿ ಅರ್ಥವಾಗಲಿಲ್ಲ’ ಎಂದು ಹೇಳಬಹುದು, ವಾಕ್ಯ ತಿದ್ದಬಾರದು. ನಲವತ್ತೈದು ವರ್ಷದವರ ವಾಕ್ಯ ಹದಿನೇಳರ ಪ್ರಬಂಧದಲ್ಲಿ ಎದ್ದು ಕಾಣುತ್ತದೆ. ಎಐ ಬರೆದ ಬರಹವನ್ನು ತನ್ನದೆಂದು ಕೊಡುವುದನ್ನು ಕಾಮನ್ ಆ್ಯಪ್ ನಿಯಮ ವಂಚನೆ ಎಂದೇ ಪರಿಗಣಿಸುತ್ತದೆ.

ದುಡ್ಡು

ಫ್ಯಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅದಕ್ಕೆ ಮೊದಲೇ ವಿದ್ಯಾರ್ಥಿಗೊಂದು, ಪೋಷಕರಿಗೊಂದು ಸ್ಟೂಡೆಂಟ್‌ಏಡ್ ಅಕೌಂಟ್ ತೆರೆಯಿರಿ. ತಂದೆತಾಯಿ ಒಟ್ಟಿಗೆ ತೆರಿಗೆ ಸಲ್ಲಿಸಿದ್ದರೆ ಒಬ್ಬರದು ಸಾಕು, ಬೇರೆ ಬೇರೆ ಸಲ್ಲಿಸಿದ್ದರೆ ಇಬ್ಬರದೂ ಬೇಕು. ಆದಾಯದ ಲೆಕ್ಕ ಎರಡು ವರ್ಷ ಹಿಂದಿನದು: 2026-27ರ ಅರ್ಜಿಗೆ 2024ರ ತೆರಿಗೆ. ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಮಾಹಿತಿ ತರಿಸಲು ಒಪ್ಪಿಗೆ ಕೊಡದಿದ್ದರೆ ಕೇಂದ್ರ ಸರ್ಕಾರದ ನೆರವಿಗೆ ಅರ್ಹತೆಯೇ ಇರುವುದಿಲ್ಲ.

ಆಸ್ತಿಯ ಪ್ರಶ್ನೆಯಲ್ಲಿ ಗೊಂದಲ ಹೆಚ್ಚು. ವಾಸದ ಮನೆ, 401ಕೆಯಂಥ ನಿವೃತ್ತಿ ಖಾತೆ ಫ್ಯಾಫ್ಸಾಕ್ಕೆ ಲೆಕ್ಕವಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಊರಲ್ಲಿರುವ ಸೈಟು, ಬಾಡಿಗೆಗೆ ಕೊಟ್ಟ ಫ್ಲ್ಯಾಟು ಹೂಡಿಕೆಯಾಗಿ ಲೆಕ್ಕಕ್ಕೆ ಬರುತ್ತದೆ. ಅಜ್ಜನ ಹೆಸರಿನಲ್ಲೇ ಇರುವ ತೋಟ ನಿಮ್ಮದಲ್ಲ, ಬರೆಯಬೇಕಿಲ್ಲ. ಮಗುವಿನ ಹೆಸರಿನ ಉಳಿತಾಯದಲ್ಲಿ ಶೇಕಡಾ 20ನ್ನು ಕಾಲೇಜಿಗೆ ಕೊಡಬಲ್ಲ ಹಣವೆಂದು ಎಣಿಸುತ್ತಾರೆ, ಪೋಷಕರದರಲ್ಲಿ ಹೆಚ್ಚೆಂದರೆ ಶೇಕಡಾ 5.64. ಅನೇಕ ಖಾಸಗಿ ಕಾಲೇಜುಗಳು ಇದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ನೆರವಿನ ಅರ್ಜಿ ಕೇಳುತ್ತವೆ, ಅದರಲ್ಲಿ ವಾಸದ ಮನೆಯ ಬೆಲೆಯನ್ನೂ ಕೇಳುತ್ತಾರೆ. ನಮಗೆ ಹೇಗೂ ಸಿಗುವುದಿಲ್ಲ ಎಂದು ಫ್ಯಾಫ್ಸಾ ಬಿಡುವವರಿಗೆ ಗೊತ್ತಿರಲಿ: ಮೊದಲ ವರ್ಷದ ವಿದ್ಯಾರ್ಥಿಗೆ 5,500 ಡಾಲರ್‌ವರೆಗಿನ ಕೇಂದ್ರ ಸರ್ಕಾರದ ಸಾಲಕ್ಕೂ ಇದೇ ಬಾಗಿಲು. ಟೆಕ್ಸಸ್, ಇಲಿನಾಯ್, ಕ್ಯಾಲಿಫೋರ್ನಿಯಾಗಳಲ್ಲಿ ಸೀನಿಯರ್‌ಗಳು ಇದನ್ನು ತುಂಬಬೇಕು ಅಥವಾ ಬೇಡವೆಂದು ಫಾರ್ಮ್ ಕೊಡಬೇಕು ಎಂಬ ನಿಯಮವನ್ನೇ ತಂದಿದ್ದಾರೆ.

ಎಚ್-4 (ಎಚ್-1ಬಿ ಕೆಲಸಗಾರರ ಕುಟುಂಬಕ್ಕೆ ಸಿಗುವ) ವೀಸಾದಲ್ಲಿರುವ ಮಕ್ಕಳಿಗೆ ಫ್ಯಾಫ್ಸಾ ನೆರವು ಇಲ್ಲ, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವಂತೆಯೂ ಇಲ್ಲ. ಇಲ್ಲೇ ಕಿಂಡರ್‌ಗಾರ್ಟನ್‌ನಿಂದ ಓದಿದ್ದರೂ ಎಷ್ಟೋ ಖಾಸಗಿ ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ, ಆ ಸಾಲಿನಲ್ಲಿ ನೆರವು ಕೇಳಿದ್ದೇ ಪ್ರವೇಶಕ್ಕೆ ತೊಡಕಾಗಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಕಡೆ ವಿದೇಶಿಯರಿಗೂ ನೆರವಿನ ಅಗತ್ಯ ನೋಡದೆ ಪ್ರವೇಶ ಕೊಡುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯದ ಸ್ಥಳೀಯ ಶುಲ್ಕ ಎಚ್-4ಗೆ ಸಿಗುತ್ತದೆಯೇ ಎಂಬುದು ರಾಜ್ಯದ ಮೇಲೆ ಹೋಗುತ್ತದೆ; ಪ್ರವೇಶ ವಿಭಾಗವನ್ನಲ್ಲ, ‘ರೆಸಿಡೆನ್ಸಿ’ ಕಚೇರಿಯನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಹೆಚ್ಚಿನವರಿಗೆ ಅದು ಕಾಲೇಜಿನ ಮೂರನೇ ಅಥವಾ ನಾಲ್ಕನೇ ವರ್ಷ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಸ್ಥಳೀಯ ಶುಲ್ಕದ ಗತಿ ಏನು ಎಂಬುದನ್ನೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಸಲ್ಲಿಸುವ ದಿನ ಮತ್ತು ಆಮೇಲೆ

ಗಡುವಿಗೆ ಮೂರು ದಿನ ಮೊದಲೇ ಸಲ್ಲಿಸಿ. ಪಿಡಿಎಫ್ ನೋಟ ತೆಗೆದು, ಸಾಧ್ಯವಾದರೆ ಕಾಗದದ ಮೇಲೆ ಓದಿ. ಒಂದು ಕಾಲೇಜಿನ ಪ್ರಬಂಧದಲ್ಲಿ ಇನ್ನೊಂದು ಕಾಲೇಜಿನ ಹೆಸರು ಉಳಿದಿರುವುದು ಪರದೆಯ ಮೇಲೆ ಕಾಣುವುದೇ ಇಲ್ಲ. ಕೆಲವು ಕಾಲೇಜುಗಳ ಪೂರಕ ಬರಹವನ್ನು ಬೇರೆಯಾಗಿ ಸಲ್ಲಿಸಬೇಕು. ಮುಖ್ಯ ಅರ್ಜಿ ಹೋಯಿತೆಂದು ಹಬ್ಬ ಮಾಡಿ ಇದನ್ನು ಮರೆಯುವವರಿದ್ದಾರೆ. ಕೆಲವು ದಿನಗಳಲ್ಲಿ ಕಾಲೇಜು ತನ್ನ ಪೋರ್ಟಲ್‌ನ ಲಾಗಿನ್ ಕಳಿಸುತ್ತದೆ, ಸ್ಪ್ಯಾಮ್ ಫೋಲ್ಡರ್ ನೋಡಿ. ಏನು ತಲುಪಿಲ್ಲ ಎಂಬುದು ತಿಳಿಯುವುದು ಅಲ್ಲೇ.

ಜನವರಿ-ಫೆಬ್ರವರಿಯಲ್ಲಿ ಶಾಲೆ ಅರ್ಧವರ್ಷದ ಗ್ರೇಡ್ ಕಳಿಸುತ್ತದೆ. ಅರ್ಜಿಯಲ್ಲಿ ಬರೆದ ವಿಷಯವನ್ನು ನಡುವೆ ಬಿಟ್ಟರೆ, ಡಿ ಅಥವಾ ಎಫ್ ಬಂದರೆ ಮಗುವೇ ಕಾಲೇಜಿಗೆ ತಿಳಿಸಬೇಕು. ಮುಚ್ಚಿಟ್ಟು ಜುಲೈಯಲ್ಲಿ ಸಿಕ್ಕಿಬಿದ್ದರೆ ಪ್ರವೇಶ ರದ್ದಾಗುವುದು ಬರೀ ಬೆದರಿಕೆಯಲ್ಲ.

ನೆರವಿನ ಪತ್ರಗಳು ಬಂದಾಗ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಒಟ್ಟು ಖರ್ಚಿನಿಂದ ಕಳೆಯಿರಿ. ಸಾಲ, ವರ್ಕ್-ಸ್ಟಡಿ (ಓದುತ್ತಾ ಕೆಲಸ ಮಾಡಿ ಗಳಿಸಬೇಕಾದ ಹಣ) ಕಳೆಯಬೇಡಿ. ಎರಡು ವರ್ಷ ಹಿಂದಿನ ಆದಾಯ ಇಂದು ಇಲ್ಲವಾಗಿದ್ದರೆ, ಅಂದರೆ ಕೆಲಸ ಹೋಗಿದ್ದರೆ, ದಾಖಲೆ ಜೋಡಿಸಿ ಆರ್ಥಿಕ ನೆರವಿನ ಕಚೇರಿಗೆ ಮರುಪರಿಶೀಲನೆ ಕೇಳಿ. ಇದಕ್ಕೆ ಸಂಕೋಚ ಬೇಡ, ಆ ಕಚೇರಿಗೆ ಲೆಕ್ಕ ಬದಲಿಸುವ ಅಧಿಕಾರವಿದೆ. ಬಹುತೇಕ ಕಡೆ ಮೇ 1ರ ಒಳಗೆ ಒಂದೇ ಕಾಲೇಜಿಗೆ ಮುಂಗಡ ಕಟ್ಟಿ. ವೇಟ್‌ಲಿಸ್ಟ್ ಬಂದಿದ್ದರೆ ಇರುತ್ತೇನೆ ಎಂದು ಗುರುತು ಹಾಕದೆ ಅದರಲ್ಲಿ ಹೆಸರು ಉಳಿಯುವುದಿಲ್ಲ.

ಗ್ರ್ಯಾಜುಯೇಶನ್ ಮತ್ತು ಬೇಸಿಗೆ

ಟೋಪಿ-ಗೌನಿಗೆ ಆರ್ಡರ್ ಚಳಿಗಾಲದಲ್ಲೇ ಶುರುವಾಗುತ್ತದೆ. ಡಿಪ್ಲೊಮಾದಲ್ಲಿ ಅಚ್ಚಾಗುವ ಹೆಸರನ್ನೂ ಆಗ ಕೇಳುತ್ತಾರೆ. ಲೈಬ್ರರಿ ಪುಸ್ತಕ, ಶಾಲೆಯ ಲ್ಯಾಪ್‌ಟಾಪ್, ಬಾಕಿ ದಂಡ ಏಪ್ರಿಲ್‌ನಲ್ಲೇ ತೀರಿಸಿ. ಸಮಾರಂಭದ ಟಿಕೆಟ್ ಎಷ್ಟೋ ಶಾಲೆಗಳಲ್ಲಿ ಎಣಿಕೆಯವು, ಊರಿನಿಂದ ಅಜ್ಜಿ-ತಾತನನ್ನು ಕರೆಸುವವರು ವಿಮಾನದ ಟಿಕೆಟ್ಟಿಗೆ ಮೊದಲು ಇದನ್ನು ಕೇಳಿ. ಅವರ ವೀಸಾ ಸಂದರ್ಶನಕ್ಕೆ ಬಹಳ ಮುಂಚೆ ದಿನ ಹಿಡಿಯಬೇಕು. ಕೊನೆಯ ಟ್ರಾನ್ಸ್‌ಕ್ರಿಪ್ಟ್ ತಾನಾಗಿ ಹೋಗುತ್ತದೆ ಎಂದುಕೊಳ್ಳಬೇಡಿ. ಶಾಲೆ ಮುಚ್ಚುವ ಮೊದಲು ಕೋರಿಕೆ ಕೊಡಿ. ಯುಸಿಗೆ ಜುಲೈ 1ರೊಳಗೆ ತಲುಪಬೇಕು.

ಕಾಲೇಜಿಗೆ ಸೇರಿದ ಮೇಲೆ ಮಗುವಿನ ಗ್ರೇಡನ್ನು ಕಾಲೇಜು ನಿಮಗೆ ಹೇಳಬೇಕಾಗಿಲ್ಲ. 18 ತುಂಬಿದ ಮೇಲೆ ಆಸ್ಪತ್ರೆಯೂ ಆರೋಗ್ಯದ ಮಾಹಿತಿ ಕೊಡಲು ನಿರಾಕರಿಸಬಹುದು. ಆರೋಗ್ಯ ನಿರ್ಧಾರದ ಅಧಿಕಾರಪತ್ರ, ಮಾಹಿತಿ ಬಿಡುಗಡೆಯ ಒಪ್ಪಿಗೆ, ಎರಡಕ್ಕೂ ಬೇಸಿಗೆಯಲ್ಲೇ ಮಗುವಿನ ಸಹಿ ಹಾಕಿಸಿಡಿ. ಊರಲ್ಲಿ ಹಾಕಿಸಿದ ಲಸಿಕೆಗಳ ಹಳೆಯ ಕಾರ್ಡನ್ನು ಇಲ್ಲಿನ ವೈದ್ಯರಿಂದ ಕಾಲೇಜಿನ ಫಾರ್ಮಿಗೆ ಬರೆಸಿ. ಎಂಎಂಆರ್ ಎರಡು ಡೋಸಿನ ದಾಖಲೆ ಇಲ್ಲದಿದ್ದರೆ ಬಹಳ ಕಡೆ ಕೋರ್ಸ್ ನೋಂದಣಿಗೆ ತಡೆ ಬೀಳುತ್ತದೆ. ಮೊದಲ ಬಿಲ್ಲಿನಲ್ಲಿ ಕಾಲೇಜಿನ ಆರೋಗ್ಯ ವಿಮೆ ತಾನಾಗಿ ಸೇರಿರುತ್ತದೆಯೇ ನೋಡಿ. ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದಾದ ಬಾಬ್ತು ಅದು. ಮನೆಯ ವಿಮೆಯಲ್ಲೇ ಮಗು ಇದ್ದರೆ ‘ವೇವರ್’ ಫಾರ್ಮನ್ನು ಗಡುವಿನೊಳಗೆ ಸಲ್ಲಿಸಿ, ತಡವಾದರೆ ಆ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.